ನೀರಿನ ಬಾಟಲಿಗೂ ಮಗುವಿನ ಹಲ್ಲಿಗೂ ನಂಟು ಕಟ್ಟುವ ಬಗೆ

ಚಿ. ಮೇಘಾಳಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಕೋಲಾರದ ಕೊಳವೆಬಾವಿಗಳ ಫ್ಲೋರೈಡ್, ಶಾಲೆಯ ಮಕ್ಕಳ ಹಲ್ಲು, ಮನೆಗಳ ನೀರಿನ ಬಳಕೆ, ಹಳೆಯ ಕೆರೆಗಳ ಶಾಸನ, ಈ ನಾಲ್ಕನ್ನೂ ಒಂದೇ ಪಿಎಚ್‌ಡಿಯಲ್ಲಿ ಹಿಡಿಯುತ್ತೇನೆ ಎಂದು ಬರೆದಿದ್ದೀಯ. ಪ್ರಶ್ನೆ ಚೆನ್ನಾಗಿದೆ, ಯಾರು ಹೆದರಿಸಿದರೂ ಬಿಡಬೇಡ. ಆದರೆ ಹಲವು ಶಾಸ್ತ್ರಗಳನ್ನು ಒಟ್ಟಿಗೆ ಹಿಡಿಯುವ ಸಂಶೋಧನೆ ಸಾಮಾನ್ಯವಾಗಿ ಕೆಡುವುದು ಅವು ಕೂಡುವ ಬೆಸುಗೆಯಲ್ಲಿ. ಭೂವಿಜ್ಞಾನದವರು ಎಣಿಸುವುದು ಬಾವಿಯನ್ನು, ದಂತವೈದ್ಯರು ಮಗುವನ್ನು, ಸಮಾಜಶಾಸ್ತ್ರದವರು ಮನೆಯನ್ನು, ಶಾಸನ ಓದುವವರು ಕೆರೆಯನ್ನು. ಮೂರು ವರ್ಷ ದುಡಿದ ಮೇಲೆ ಯಾವ ಮಗು ಯಾವ ಬಾವಿಯ ನೀರು ಕುಡಿದದ್ದು ಎಂದು ತಿಳಿಯದೇ ಹೋದರೆ ನಾಲ್ಕು ಪಟ್ಟಿಗಳೂ ನಾಲ್ಕು ದಿಕ್ಕಿಗೆ ಕೂರುತ್ತವೆ.

ಆದ್ದರಿಂದ ಬಾಟಲಿ ಕೊಳ್ಳುವ ಮೊದಲೇ ಸಂಖ್ಯೆಗಳನ್ನು ಗೊತ್ತುಮಾಡು. ಹಳ್ಳಿಗೆ ಎರಡಂಕಿ, ಮನೆಗೆ ಮೂರಂಕಿ, ಮಗುವಿಗೆ ಒಂದಂಕಿ: 07-031-1. ನೀರಿನ ಮೂಲದ ಸಂಖ್ಯೆಯನ್ನು ಇದರೊಳಗೆ ತುರುಕಬೇಡ, ಅದಕ್ಕೆ ಬೇರೆ ಕಾಲಂ ಇರಲಿ. ಒಂದೇ ಮನೆಯವರು ಎರಡು ಮೂರು ಕಡೆಯಿಂದ ನೀರು ತರುತ್ತಾರೆ. ಹೆಸರುಗಳ ಪಟ್ಟಿ ಬೇರೆ ಪುಸ್ತಕದಲ್ಲಿ, ಬೀಗದೊಳಗೆ.

ಇನ್ನು ಕಾಲದ ಮಾತು. ಇದನ್ನು ನಿಧಾನವಾಗಿ ಓದು, ಏಕೆಂದರೆ ಇಂಥ ಅಧ್ಯಯನಗಳು ಹೆಚ್ಚಾಗಿ ಎಡವುವುದು ಇಲ್ಲೇ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ರೂಪುಗೊಳ್ಳುವಾಗ ಮಾತ್ರ ಫ್ಲೋರೈಡ್ ಅದಕ್ಕೆ ಕಲೆ ಕೂರಿಸಬಲ್ಲದು. ಶಾಶ್ವತ ಹಲ್ಲುಗಳಿಗೆ ಆ ಅವಧಿ ಹುಟ್ಟಿನಿಂದ ಸುಮಾರು 8 ವರ್ಷದವರೆಗೆ. ಮೇಲಿನ ಮುಂಬಲ್ಲುಗಳಿಗೆ ಹೆಚ್ಚು ಅಪಾಯ 15ರಿಂದ 30 ತಿಂಗಳ ನಡುವೆ. ಅಂದರೆ 12 ವರ್ಷದ ಹುಡುಗಿಯ ಮುಂಬಲ್ಲು ಹೇಳುವುದು ಅವಳು ಪುಟ್ಟ ಹೆಜ್ಜೆಯಿಟ್ಟು, ತೊದಲು ಮಾತಾಡುತ್ತಿದ್ದಾಗ ಕುಡಿದ ನೀರಿನ ಕಥೆ. ನೀನು ಇವತ್ತು ತುಂಬಿಸಿಕೊಳ್ಳುವ ಬಾಟಲಿ ಇವತ್ತಿನ ಕಥೆ. ಈ ಹತ್ತು ವರ್ಷದಲ್ಲಿ ಹಳೆಯ ಬೋರು ಬತ್ತಿ ಇನ್ನೂ ಆಳದ್ದು ಕೊರೆದಿರಬಹುದು, ಊರಿಗೆ ಶುದ್ಧ ನೀರಿನ ಘಟಕ ಬಂದಿರಬಹುದು, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಹತ್ತಿರದ ಕೆರೆಗೆ ಹರಿದಿರಬಹುದು. ಎರಡನ್ನೂ ನೇರವಾಗಿ ತಾಳೆ ಹಾಕಿದರೆ ನೀರು ಒಳ್ಳೆಯದು, ಹಲ್ಲು ಕೆಟ್ಟಿದ್ದು ಎಂಬ ಒಗಟು ಬರುತ್ತದೆ. ಆಗ ಫ್ಲೋರೈಡಿಗೂ ಹಲ್ಲಿಗೂ ಸಂಬಂಧವೇ ಇಲ್ಲವೆಂದು ಬರೆದುಬಿಡುವವರೂ ಇದ್ದಾರೆ.

ಆದ್ದರಿಂದ ಪ್ರಶ್ನಾವಳಿಯಲ್ಲಿ ನೀರಿನ ಇತಿಹಾಸ ಕೇಳು. ಇಸವಿ ಕೇಳಿದರೆ ಉತ್ತರ ಅಂದಾಜಿನದು. ‘ಮಗು ನಡೆಯಲು ಕಲಿತಾಗ ನೀರು ಎಲ್ಲಿಂದ ತರುತ್ತಿದ್ದಿರಿ? ಫಿಲ್ಟರ್ ನೀರು ಬರುವ ಮೊದಲೋ, ಆಮೇಲೋ?’ ಎಂದು ಕೇಳು. ಘಟಕ ಯಾವಾಗ ಶುರುವಾಯಿತು, ಬೋರು ಯಾವಾಗ ಕೊರೆದರು ಎಂಬುದನ್ನು ಗ್ರಾಮ ಪಂಚಾಯಿತಿಯ ಕಡತದಲ್ಲಿ ಗುರುತಿಸಿಕೋ. ಬಾಣಂತನಕ್ಕೆ ತಾಯಿ ತವರಿಗೆ ಹೋಗಿ ಎಷ್ಟು ತಿಂಗಳಿದ್ದಳು ಎಂದು ಕೇಳುವುದನ್ನು ಮರೆಯಬೇಡ. ಆ ಮಗುವಿನ ಮೊದಲ ನೀರು ಬೇರೆ ಊರಿನದು.

ಕುಡಿಯುವ ನೀರು, ಅಡುಗೆಯ ನೀರು ಎರಡು ಬೇರೆ ಪ್ರಶ್ನೆಗಳಾಗಿರಲಿ. ಕ್ಯಾನಿನಲ್ಲಿ ಫಿಲ್ಟರ್ ನೀರು ತರುವ ಮನೆಯಲ್ಲೂ ಮುದ್ದೆಗೆ, ಸಾರಿಗೆ, ಅನ್ನಕ್ಕೆ ನಲ್ಲಿ ನೀರೇ ಇರಬಹುದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಅದರ ಸಾಂದ್ರತೆ ಏರುತ್ತದೆ. ಚಹಾ ಎಲೆಯಲ್ಲೂ ಫ್ಲೋರೈಡ್ ಇರುವುದರಿಂದ ಮಕ್ಕಳು ದಿನಕ್ಕೆ ಎಷ್ಟು ಲೋಟ ಟೀ ಕುಡಿಯುತ್ತಾರೆ ಎಂದೂ ಕೇಳು.

ಮಾದರಿ ತೆಗೆಯುವಾಗ ಪಾಲಿಥಿನ್ ಬಾಟಲಿಯೇ ಬೇಕು, ಗಾಜು ಬೇಡ, ಗಾಜಿನೊಡನೆ ಫ್ಲೋರೈಡ್ ವರ್ತಿಸುತ್ತದೆ. ಪೈಪಿನಲ್ಲಿ ನಿಂತ ನೀರು ಹೋಗುವಂತೆ ಪಂಪನ್ನು ಐದರಿಂದ ಹತ್ತು ನಿಮಿಷ ಓಡಿಸಿ, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿಸು. ಪಿಎಚ್, ವಿದ್ಯುತ್ ವಾಹಕತೆ ಅಲ್ಲೇ ಅಳೆಯಬೇಕು. ಕಬ್ಬಿಣದಂಥ ಲೋಹಗಳನ್ನೂ ನೋಡುವುದಾದರೆ ನೈಟ್ರಿಕ್ ಆಮ್ಲ ಹಾಕಿದ ಎರಡನೇ ಬಾಟಲಿ ಬೇಕಾಗುತ್ತದೆ. ಫ್ಲೋರೈಡ್ ಬಾಟಲಿಗೆ ಆಮ್ಲ ಸೋಕಬಾರದು. ಅದು 28 ದಿನ ಕೆಡದೆ ಇರುತ್ತದೆ, ಆದರೆ ಆ ಧೈರ್ಯದ ಮೇಲೆ ಮೂಲೆಯಲ್ಲಿಡಬೇಡ. ಹತ್ತು ಬಾಟಲಿಗೆ ಒಂದರಂತೆ ಅದೇ ಬಾವಿಯಿಂದ ಜೋಡಿ ಮಾದರಿ ತೆಗೆ. ನೀನು ಹೊರಡುವ ಪ್ರತಿ ದಿನವೂ ಶುದ್ಧ ಡಿಸ್ಟಿಲ್ಡ್ ನೀರಿನ ಒಂದು ಬಾಟಲಿಯೂ ಜೊತೆಗೆ ಹೋಗಿಬರಲಿ. ಅದರಲ್ಲಿ ಫ್ಲೋರೈಡ್ ಕಂಡರೆ ತಪ್ಪು ನಿನ್ನ ಚೀಲದಲ್ಲೋ ಪ್ರಯೋಗಾಲಯದಲ್ಲೋ ಇದೆ.

ಅಳತೆಗೆ ಬಣ್ಣದ ವಿಧಾನಕ್ಕಿಂತ, ಫ್ಲೋರೈಡನ್ನು ವಿದ್ಯುತ್ ಸಂಕೇತವಾಗಿ ತೋರಿಸುವ ಎಲೆಕ್ಟ್ರೋಡ್ ಒಳ್ಳೆಯದು. ಸ್ಪ್ಯಾಂಡ್ಸ್ ಬಣ್ಣದ ಪರೀಕ್ಷೆಗೆ ಕ್ಷಾರತೆ, ಅಲ್ಯೂಮಿನಿಯಂ, ಕ್ಲೋರಿನ್ ಅಡ್ಡ ಬರುತ್ತವೆ. ನಿನ್ನ ಜಿಲ್ಲೆಯ ಬೈಕಾರ್ಬನೇಟ್ ಹೆಚ್ಚಿರುವ ನೀರಿಗೆ ಅದನ್ನು ನಾನಂತೂ ನಂಬುವುದಿಲ್ಲ. ಎಲೆಕ್ಟ್ರೋಡಿಗೆ ಮಾದರಿಯಷ್ಟೇ ಅಳತೆಯ ಟಿಸಾಬ್ ಬಫರ್ ಸೇರಿಸಬೇಕು. ಅದು ಪಿಎಚ್ಚನ್ನು 5ರಿಂದ 5.5ರಲ್ಲಿ ಹಿಡಿದು, ಅಲ್ಯೂಮಿನಿಯಂ ಕಬ್ಬಿಣಗಳಿಗೆ ಅಂಟಿಕೊಂಡ ಫ್ಲೋರೈಡನ್ನು ಬಿಡಿಸುತ್ತದೆ. ಸಾಂದ್ರತೆ ಹತ್ತು ಪಟ್ಟಾದಾಗ ಸುಮಾರು 58 ಮಿಲಿವೋಲ್ಟ್ ವ್ಯತ್ಯಾಸ ಬರಬೇಕು. 54ಕ್ಕಿಂತ ಇಳಿದರೆ ಅವತ್ತಿನ ಓದನ್ನು ಬರೆದುಕೊಳ್ಳದೆ ಎಲೆಕ್ಟ್ರೋಡ್ ಶುಚಿಮಾಡಿ, ಹೊಸ ಸ್ಟ್ಯಾಂಡರ್ಡ್ ದ್ರಾವಣ ಮಾಡಿಕೋ. ಕುಡಿಯುವ ನೀರಿನ ಫ್ಲೋರೈಡಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 1.5. ಕ್ಯಾಲ್ಸಿಯಂ ಅನ್ನೂ ಅಳೆ: ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಬೈಕಾರ್ಬನೇಟ್ ಹೆಚ್ಚು ಇರುವ ನೀರಿನಲ್ಲೇ ಗ್ರಾನೈಟಿನೊಳಗಿನ ಫ್ಲೋರೈಡ್ ಕರಗಿ ಉಳಿಯುತ್ತದೆ.

ಎಷ್ಟು ಮಕ್ಕಳು ಬೇಕು ಎಂದು ಕೇಳಿದ್ದೀಯ. ಮಾದರಿಯ ಗಾತ್ರ ಲೆಕ್ಕಹಾಕುವ ಪುಸ್ತಕದ ಸೂತ್ರ 384 ಎನ್ನುತ್ತದೆ, ಎಲ್ಲರೂ ಅದನ್ನೇ 400 ಮಾಡಿ ಬರೆಯುತ್ತಾರೆ. ಆ ಸೂತ್ರ ಮಕ್ಕಳನ್ನು ಬಿಡಿಬಿಡಿಯಾಗಿ ಆರಿಸಿದಾಗ ಮಾತ್ರ ಸರಿ. ಒಂದೇ ಹಳ್ಳಿಯ ಮಕ್ಕಳು ಒಂದೇ ಟ್ಯಾಂಕಿನ ನೀರು ಕುಡಿದವರು, ಅವರ ಹಲ್ಲುಗಳು ಒಂದನ್ನೊಂದು ಹೋಲುತ್ತವೆ. ಹಳ್ಳಿಯೊಳಗಿನ ಹೋಲಿಕೆಯ ಗುಣಾಂಕ 0.2 ಎಂದಿಟ್ಟುಕೋ. 20 ಹಳ್ಳಿಯಲ್ಲಿ 20 ಮಕ್ಕಳಂತೆ ನೋಡಿದರೆ ವಿನ್ಯಾಸದ ಪರಿಣಾಮ, ಅಂದರೆ ಈ ಹೋಲಿಕೆಯಿಂದ ಮಾದರಿಯ ಬಲ ಎಷ್ಟು ಪಟ್ಟು ಕುಗ್ಗುತ್ತದೆ ಎಂಬ ಲೆಕ್ಕ, 1 + 19 × 0.2 = 4.8, ನಿನ್ನ 400 ಮಕ್ಕಳು ನಿಜದಲ್ಲಿ 83 ಮಕ್ಕಳಿಗೆ ಸಮ. 40 ಹಳ್ಳಿಯಲ್ಲಿ 10 ಮಕ್ಕಳಂತಾದರೆ ಅದು 2.8ಕ್ಕೆ ಇಳಿದು, ಅಷ್ಟೇ 400 ಮಕ್ಕಳು 143ಕ್ಕೆ ಸಮನಾಗುತ್ತಾರೆ. ಪ್ರಯಾಣದ ಖರ್ಚು ಹೆಚ್ಚುತ್ತದೆ, ನಿಜ. ಆದರೂ ಹೆಚ್ಚು ಹಳ್ಳಿ, ಹಳ್ಳಿಗೆ ಕಡಿಮೆ ಮಕ್ಕಳು ಎನ್ನುವ ಕಡೆಗೇ ಇರು.

ಹಲ್ಲು ನೋಡುವುದು ತರಬೇತಾದ ದಂತವೈದ್ಯರ ಕೆಲಸ, ನಿನ್ನದಲ್ಲ. ಫ್ಲೋರೈಡ್ ಕಲೆಗೆ ಅಂಕ ಕೊಡುವ ಡೀನ್ ಸೂಚ್ಯಂಕದಲ್ಲಿ ಹೆಚ್ಚು ಬಾಧಿತವಾದ ಎರಡು ಹಲ್ಲು ನೋಡಿ, ಅವು ಸಮವಾಗಿರದಿದ್ದರೆ ಕಡಿಮೆ ಬಾಧಿತವಾದದ್ದರ ಅಂಕ ಕೊಡಬೇಕು. ಹೆಚ್ಚಿನ ಅಂಕವನ್ನೇ ಬರೆದುಬಿಡುವುದು ಸಾಮಾನ್ಯ ತಪ್ಪು. ಇಬ್ಬರು ವೈದ್ಯರು 20 ಮಕ್ಕಳನ್ನು ಬೇರೆ ಬೇರೆಯಾಗಿ ನೋಡಲಿ, ಇಬ್ಬರ ಅಂಕಗಳು ಎಷ್ಟು ಹೊಂದುತ್ತವೆ ಎಂದು ತೋರಿಸುವ ಕಪ್ಪಾ 0.8ರ ಆಸುಪಾಸು ಬರುವತನಕ ಅಭ್ಯಾಸ ನಡೆಯಲಿ. ಹಳ್ಳಿಯ ನೀರಿನ ಫಲಿತಾಂಶ ಅವರಿಗೆ ಮೊದಲೇ ತಿಳಿದಿರಬಾರದು. ತಿಳಿದರೆ ಕಣ್ಣು ಕಲೆ ಹುಡುಕತೊಡಗುತ್ತದೆ.

ಸಂಶೋಧನೆಯ ನೈತಿಕತೆ ನೋಡುವ ಸಮಿತಿಯ ಒಪ್ಪಿಗೆ ಕೈಗೆ ಬರುವ ಮೊದಲು ಒಂದು ಮಗುವಿನ ಬಾಯನ್ನೂ ತೆರೆಸಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಪೋಷಕರ ಲಿಖಿತ ಒಪ್ಪಿಗೆಯ ಜೊತೆಗೆ 7ರಿಂದ 12 ವರ್ಷದ ಮಕ್ಕಳ ಬಾಯಿಮಾತಿನ ಸಮ್ಮತಿ, ಅದಕ್ಕೂ ದೊಡ್ಡವರ ಬರಹದ ಸಮ್ಮತಿ ಬೇಕು. ಹೆಡ್‌ಮಾಸ್ಟರರ ಸಹಿ ಇದಕ್ಕೆ ಬದಲಿಯಲ್ಲ. ಕೋಲಾರದಲ್ಲಿ ತೆಲುಗು ಮನೆಮಾತಿನವರು ಬಹಳ, ಹಾಗಾಗಿ ಒಪ್ಪಿಗೆ ಪತ್ರವನ್ನೂ ಪ್ರಶ್ನಾವಳಿಯನ್ನೂ ತೆಲುಗಿನಲ್ಲೂ ಮಾಡಿಸು. ಬೇರೊಬ್ಬರಿಂದ ಮರಳಿ ಕನ್ನಡಕ್ಕೆ ತರಿಸಿ ಅರ್ಥ ಜಾರಿದೆಯೇ ನೋಡು.

ಕೆರೆಗಳ ಭಾಗಕ್ಕೆ ಬಿ. ಎಲ್. ರೈಸ್ 1905ರಲ್ಲಿ ಹೊರತಂದ, ಕೋಲಾರ ಜಿಲ್ಲೆಯ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ಸಾಕಷ್ಟಾಯಿತು. ಕಟ್ಟುಕೊಡಗೆ, ಬಿತ್ತುವಟ್ಟ (ಎರಡೂ ಕೆರೆಗಾಗಿ ಕೊಟ್ಟ ದತ್ತಿಗಳು), ತೂಬು (ಕೆರೆಯ ನೀರು ಬಿಡುವ ಕಿಂಡಿ) ಎಂಬ ಪದಗಳ ಬೆನ್ನು ಹತ್ತು. ಶಕ ವರ್ಷಕ್ಕೆ 78 ಕೂಡಿಸಿ, ಸಂವತ್ಸರದ ಹೆಸರಿನೊಡನೆ ಸರಿನೋಡು. ಕೆರೆ ಕಟ್ಟಿಸಿದ ಶಾಸನ ಇದೆ ಎಂದರೆ ಅಲ್ಲಿ ಸದಾ ನೀರಿತ್ತು ಎಂದಲ್ಲ. ಈ ಭಾಗವನ್ನು ಫ್ಲೋರೈಡಿಗೆ ಕಾರಣವೆಂದು ಎಳೆದು ಜೋಡಿಸಬೇಡ. ಊರು ಹಿಂದೆ ಮೇಲ್ಮೈ ನೀರು ಬಳಸುತ್ತಿತ್ತೇ ಎಂಬಷ್ಟಕ್ಕೆ ಅದು ಸಾಕ್ಷಿ.

ಹಾಳೆ ತುಂಬುವಾಗ ಎಚ್ಚರ: ಮನೆ ಸಂಖ್ಯೆ 12/3 ಎಂದು ಬರೆದರೆ ಎಕ್ಸೆಲ್ ಅದನ್ನು ದಿನಾಂಕ ಮಾಡಿಬಿಡುತ್ತದೆ. ಇದೇ ಕಾಟಕ್ಕೆ ತಳಿವಿಜ್ಞಾನಿಗಳು 2020ರಲ್ಲಿ ಕೆಲವು ಜೀನ್‌ಗಳ ಹೆಸರನ್ನೇ ಬದಲಿಸಿದರು. ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಮಾಡಿಡು. ಅಳೆಯದೇ ಹೋದದ್ದಕ್ಕೆ ಸೊನ್ನೆ ಹಾಕಬೇಡ, ಖಾಲಿ ಬಿಡು. ಯಂತ್ರಕ್ಕೆ ನಿಲುಕದಷ್ಟು ಕಡಿಮೆ ಬಂದದ್ದಕ್ಕೆ ಬೇರೆ ಗುರುತಿರಲಿ.

ಲೇಖನದಲ್ಲಿ ಯಾರ ಹೆಸರು ಎಲ್ಲಿ ಎಂಬುದನ್ನು ದಂತವೈದ್ಯರೊಡನೆ, ರಸಾಯನಶಾಸ್ತ್ರದವರೊಡನೆ ಈಗಲೇ ಕೂತು ಬರೆದುಕೊಳ್ಳಿ. ಮಿತಿ ಮೀರಿದ ಬಾವಿ ಸಿಕ್ಕರೆ ಪ್ರಬಂಧ ಅಚ್ಚಾಗುವ ತನಕ ಕಾಯದೆ, ಫಲಿತಾಂಶವನ್ನು ಮತ್ತೊಮ್ಮೆ ಪರೀಕ್ಷಿಸಿ ಅದೇ ತಿಂಗಳು ಪಂಚಾಯಿತಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಲಿಖಿತವಾಗಿ ತಿಳಿಸು.

ಮೊದಲು ಎರಡೇ ಹಳ್ಳಿ, ಹಳ್ಳಿಗೆ ಹತ್ತು ಮಕ್ಕಳು, ಇಷ್ಟರ ಪ್ರಾಯೋಗಿಕ ಸುತ್ತು ಮುಗಿಸು. ಆ ಹಾಳೆಗಳನ್ನು ಹೆಸರಿಲ್ಲದೆ, ಬರೀ ಸಂಖ್ಯೆಗಳೊಡನೆ ನನಗೆ ಕಳಿಸು. 20 ಮಕ್ಕಳಲ್ಲಿ ಎಷ್ಟು ಜನರ ಚಿಕ್ಕಂದಿನ ನೀರು ಪತ್ತೆಯಾಗುತ್ತದೆ ಎಂದು ಇಬ್ಬರೂ ಕೂತು ನೋಡೋಣ.

ಇಂತಿ ನಿನ್ನ
ದೊಡ್ಡಮ್ಮ