ಹುಲ್ಲು ತಿನ್ನುವ ಅಜ್ಜಿ

ರಾತ್ರಿ 11.30. ಸುದ್ದಿಪತ್ರ ಬೆಳಿಗ್ಗೆ ನಿಮ್ಮ ಕೈ ಸೇರಬೇಕು. ಸಂಪಾದಕೀಯದ ಪುಟ ಇನ್ನೂ ಖಾಲಿ. ಸಂಘದ ಲೆಕ್ಕಪತ್ರದ ಬಗ್ಗೆ ನಾಲ್ಕು ಮಾತು ಬರೆಯಿರಿ ಅಂತ ಅಧ್ಯಕ್ಷರು ಹೇಳಿದ್ದರು. ಎರಡು ಸಾಲು ಬರೆದೆ, ನನಗೇ ಆಕಳಿಕೆ ಬಂತು. ಅಳಿಸಿಬಿಟ್ಟೆ.

ಅದರ ಬದಲು ಸಂಜೆ ಮಗ ಹೇಳಿದ ಮಾತು ಬರೆಯುತ್ತೇನೆ. ಕಿಟಕಿ ಹತ್ತಿರ ನಿಂತು ಹಾಲು ಕುಡಿಯುತ್ತಿದ್ದ. ಹಿತ್ತಲ ತುಂಬ ಡ್ಯಾಂಡಿಲಿಯನ್ ಅನ್ನುವ ಕಳೆಯ ಹಳದಿ ಹೂ. "ಅಮ್ಮಾ, ಅಜ್ಜಿ ಊರಿಗೆ ಹೋದ ಮೇಲೆ ನಮ್ಮ ಹುಲ್ಲನ್ನ ಯಾರೂ ತಿಂತಿಲ್ಲ ಅಲ್ವಾ?" ಅಂದ.

ನಕ್ಕೆ. ಆಮೇಲೆ ಪಾತ್ರೆ ತೊಳೆಯುತ್ತಾ ನಿಂತಾಗ ನಗು ಇರಲಿಲ್ಲ.

ಊರಿನಲ್ಲಿರುವ ಅತ್ತೆ ಈ ಪರದೇಶಕ್ಕೆ ಕಳೆದ ವರ್ಷ ಏಪ್ರಿಲ್‌ನಲ್ಲಿ ಬಂದರು. ನಿದ್ದೆಯ ಹೊತ್ತು ತಲೆಕೆಳಗಾಗಿ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಕೂರುತ್ತಿದ್ದರು. ಟೀವಿ ಹಾಕಿದರೆ ಮಗು ಏಳುತ್ತದೆ, ಪಾತ್ರೆ ಮುಟ್ಟಿದರೆ ಸದ್ದಾಗುತ್ತದೆ. ಪಾಪ, ಏನು ಮಾಡಬೇಕು ಅವರು? ಬೆಳಕು ಹರಿಯುವುದನ್ನೇ ಕಾದು, ಸ್ವೆಟರ್ ಮೇಲೆ ಶಾಲು ಹೊದ್ದು, ನನ್ನ ಯಜಮಾನರ ದೊಡ್ಡ ಬೂಟು ಮೆಟ್ಟಿಕೊಂಡು ಹಿತ್ತಲಿಗೆ ಇಳಿಯುತ್ತಿದ್ದರು. ನಿಮ್ಮ ಮನೆಗೆ ಬಂದ ಹಿರಿಯರೂ ಹಾಗೇ ಮಾಡಿರುತ್ತಾರೆ, ಹೆಚ್ಚು ಹೇಳಬೇಕಿಲ್ಲ.

ಒಂದು ಬೆಳಿಗ್ಗೆ ನೋಡುತ್ತೇನೆ, ಕುಕ್ಕರುಗಾಲಲ್ಲಿ ಕೂತು ಲಾನಿನಿಂದ ಏನೋ ಕೀಳುತ್ತಿದ್ದಾರೆ. ಪಕ್ಕದಲ್ಲಿ ನನ್ನ ಸ್ಟೀಲ್ ಜರಡಿ. ಬೇಲಿಯಾಚೆ ಪಕ್ಕದ ಮನೆಯವರು ಕಾಫಿ ಕಪ್ ಹಿಡಿದು ನೋಡುತ್ತಾ ನಿಂತಿದ್ದಾರೆ. ಅವರ ಲಾನ್ ಜಮಖಾನೆ ಹಾಸಿದ ಹಾಗಿರುತ್ತದೆ. ಒಂದು ಹಳದಿ ಚುಕ್ಕೆ ಕಂಡರೂ ಔಷಧಿ ಡಬ್ಬ ಹಿಡಿದು ಬರುತ್ತಾರೆ. ಅವರ ಎದುರು ನನ್ನ ಅತ್ತೆ ಕಳೆ ಆರಿಸುತ್ತಾ ಕೂತಿದ್ದು ನೋಡಿ ನನಗೆ ನಾಚಿಕೆಯಾಯಿತು. ಈಗ ಬರೆಯುವಾಗ ಆ ನಾಚಿಕೆಯ ಬಗ್ಗೆಯೇ ನಾಚಿಕೆ ಆಗುತ್ತಿದೆ, ಅದು ಬೇರೆ ವಿಷಯ.

"ಅತ್ತೆ, ಒಳಗೆ ಬನ್ನಿ. ಅದು ಕಳೆ. ಜನ ನೋಡ್ತಿದ್ದಾರೆ."

"ನೋಡ್ಲಿ ಬಿಡು. ಬೇಕಾದ್ರೆ ಅವರಿಗೂ ಒಂದು ಹಿಡಿ ಕೊಡೋಣ. ಎಲೆ ಎಷ್ಟು ಎಳೇದಾಗಿದೆ ನೋಡು, ಇದನ್ನ ಯಾರಾದ್ರೂ ಬಿಸಾಕ್ತಾರಾ?"

ಅವರಿಗೂ ಒಂದು ಅನುಮಾನ ಇತ್ತು. ದಂಟು ಮುರಿದರೆ ಬಿಳಿ ಹಾಲು ಬರುತ್ತಿತ್ತು. "ಎಕ್ಕದ ಹಾಗೆ ಹಾಲು ಸುರಿಸುತ್ತಲ್ಲೇ ಇದು, ವಿಷ ಇರಬಹುದಾ?" ಅಂದರು. ಒಳ್ಳೆಯ ಪ್ರಶ್ನೆ. ಹೆಸರು ಗೊತ್ತಿಲ್ಲದ ಗಿಡವನ್ನು ಬಾಯಿಗಿಡುವ ಮುಂಚೆ ಎಲ್ಲರೂ ಕೇಳಬೇಕಾದ ಪ್ರಶ್ನೆ. ಮಗ ಲೈಬ್ರರಿಯಿಂದ ಗಿಡಗಳ ಪುಸ್ತಕ ತಂದ. ಅಜ್ಜಿ ಮೊಮ್ಮಗ ಇಬ್ಬರೂ ಹುಲ್ಲಿನ ಮೇಲೆ ಕೂತು ಚಿತ್ರಕ್ಕೂ ಗಿಡಕ್ಕೂ ತಾಳೆ ನೋಡಿದರು. ಡ್ಯಾಂಡಿಲಿಯನ್‌ನ ಎಲೆಗಳೆಲ್ಲ ಬುಡದಲ್ಲೇ ಚಕ್ರದ ಹಾಗೆ ಹರಡಿರುತ್ತವೆ. ಎಲೆಯಂಚಿನ ಹಲ್ಲುಗಳು ಬುಡದ ಕಡೆಗೆ ಬಾಗಿರುತ್ತವೆ. ಹೂವಿನ ದಂಟಿನಲ್ಲಿ ಎಲೆ ಇಲ್ಲ, ಕವಲಿಲ್ಲ, ಒಳಗೆ ಪೊಳ್ಳು, ತುದಿಯಲ್ಲಿ ಒಂದೇ ಹೂ. ಇದೇ ತರಹ ಕಾಣುವ ಕ್ಯಾಟ್ಸ್ ಇಯರ್ ಅನ್ನುವ ಗಿಡದ ಎಲೆಗೆ ಒರಟು ರೋಮ ಇರುತ್ತದೆ, ದಂಟು ಕವಲೊಡೆಯುತ್ತದೆ. ಅದೂ ವಿಷವಲ್ಲ, ಆದರೂ ಗುರುತು ಹಿಡಿಯಲು ಬರಬೇಕು.

ಹೆಸರು ಬಂದಿದ್ದೂ ಆ ಹಲ್ಲಿನಿಂದಲೇ. ಫ್ರೆಂಚ್‌ನಲ್ಲಿ 'ದಾಂ ದ ಲಿಯೋಂ', ಸಿಂಹದ ಹಲ್ಲು. ಶಾಸ್ತ್ರೀಯ ಹೆಸರು ಟರಾಕ್ಸಕಮ್ ಅಫಿಸಿನೇಲ್. ಆ 'ಅಫಿಸಿನೇಲ್' ಅಂದರೆ ಹಿಂದೆ ಔಷಧಿ ಅಂಗಡಿಯ ಉಗ್ರಾಣದಲ್ಲಿ ಇಡುತ್ತಿದ್ದ ಗಿಡ ಅಂತ. ಈಗ ಅದೇ ಗಿಡವನ್ನು ಸಾಯಿಸುವ ಔಷಧಿ ಅಂಗಡಿಯಲ್ಲಿರುತ್ತದೆ.

ಮೊದಲ ಅಡುಗೆ ಕೆಟ್ಟಿತು. ಅತ್ತೆ ಸೊಪ್ಪನ್ನು ಹಸಿಯಾಗಿಯೇ ಹೆಚ್ಚಿ ಬಾಣಲೆಗೆ ಹಾಕಿದ್ದರು. ಅಬ್ಬಾ, ಆ ಕಹಿ! ನನ್ನ ಯಜಮಾನರು ಮಾತಾಡದೆ ತಿಂದು ಎರಡು ಲೋಟ ನೀರು ಕುಡಿದರು. ಮಗ ತಟ್ಟೆ ತಳ್ಳಿದ. ಅತ್ತೆ ತಾವೇ ಒಂದು ತುತ್ತು ತಿಂದು, "ಇವತ್ತು ಇದು ಗೆಲ್ತು" ಅಂದರು. (ಕಹಿ ಅಂದ ಕೂಡಲೇ ಸಂಪಾದಕಿ ಹಬ್ಬದ ಮಾತು ಎತ್ತುತ್ತಾಳೆ ಅಂದುಕೊಂಡಿರಾ? ಇಲ್ಲ. ಆ ಸಂಪಾದಕೀಯ ಪ್ರತಿ ವರ್ಷ ಬರೆದಾಗಿದೆ.)

ಮಾರನೆ ದಿನದಿಂದ ಹಟ ಹಿಡಿದರು. ಮೊದಲು ಕಲಿತಿದ್ದು, ಮೊಗ್ಗು ಬರುವ ಮುಂಚೆ ಎಲೆ ಕೀಳಬೇಕು. ಹೂ ಬಿಟ್ಟ ಮೇಲೆ ಕಹಿ ಜಾಸ್ತಿ. ನಡುವಿನ ಎಳೆ ಎಲೆಗಳೇ ಒಳ್ಳೆಯವು. ಮೂರು ನೀರಿನಲ್ಲಿ ತೊಳೆಯಬೇಕು, ಬುಡದಲ್ಲಿ ಮಣ್ಣು ಸಿಕ್ಕಿಕೊಂಡಿರುತ್ತದೆ. ಆಮೇಲೆ ದೊಡ್ಡ ಪಾತ್ರೆಯಲ್ಲಿ ಧಾರಾಳ ನೀರು, ಉಪ್ಪು. ನೀರು ಕೊತಕೊತ ಕುದಿಯುವಾಗ ಸೊಪ್ಪು ಹಾಕಿ ಎರಡು ಮೂರು ನಿಮಿಷ ಬಿಟ್ಟು, ಬಸಿದು, ತಣ್ಣೀರಿಗೆ ಹಾಕಿ, ಗಟ್ಟಿಯಾಗಿ ಹಿಂಡಬೇಕು. ಕಹಿ ಅರ್ಧಕ್ಕರ್ಧ ಆ ನೀರಿನಲ್ಲೇ ಹೋಗುತ್ತದೆ. ಇನ್ನೂ ಬೇಡ ಅನ್ನುವವರು ಹೊಸ ನೀರಿನಲ್ಲಿ ಮತ್ತೊಂದು ಕುದಿ ಕುದಿಸಬಹುದು. ಆದರೆ ವಿಟಮಿನ್ ಸಿ ಕೂಡ ಆ ನೀರಿನ ಜೊತೆಯೇ ಹೋಗುತ್ತದೆ, ಸಿಂಕಿಗೆ. ಹಿಂಡಿದ ಸೊಪ್ಪನ್ನು ಹೆಚ್ಚಿ, ಎಣ್ಣೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆಗೆ ಹಾಕಿ, ಕೊನೆಗೆ ನಿಂಬೆಹುಳಿ. ಎಣ್ಣೆಗೆ ಜಿಪುಣತನ ಮಾಡಬಾರದು. ಎಣ್ಣೆ, ಹುಳಿ, ಉಪ್ಪು ಮೂರೂ ಸೇರಿದರೆ ಕಹಿ ಸುಮ್ಮನಾಗುತ್ತದೆ. ಮೊದಲ ಸಲ ಮಾಡುವವರು ಅರ್ಧ ಪಾಲಕ್ ಬೆರೆಸಿ.

ಇನ್ನೊಂದು ಉಪಾಯ ಮಾಡಿದರು. ಒಂದು ಗಿಡದ ಮೇಲೆ ಹೂಕುಂಡ ಬೋರಲು ಹಾಕಿ, ತಳದ ತೂತಿಗೆ ಕಲ್ಲಿಟ್ಟು ಹತ್ತು ದಿನ ಬಿಟ್ಟರು. ತೆಗೆದು ನೋಡಿದರೆ ಎಲೆ ತೆಳು ಹಳದಿ, ಮೆತ್ತಗೆ, ಕಹಿ ಬಹಳ ಕಮ್ಮಿ. ಬೆಳಕು ತಪ್ಪಿಸಿದರೆ ಹೀಗಾಗುತ್ತದೆ. ಚಿಕೋರಿ ಬೆಳೆಯುವವರೂ ಇದನ್ನೇ ಮಾಡುತ್ತಾರೆ ಅಂತ ಆಮೇಲೆ ಓದಿದೆ. ಅತ್ತೆ ಓದಿರಲಿಲ್ಲ. "ಕತ್ತಲಲ್ಲಿ ಬೆಳೆದಿದ್ದು ಮೆತ್ತಗಿರುತ್ತೆ" ಅಂದರು, ಅಷ್ಟೇ.

ಮೇ ತಿಂಗಳಲ್ಲಿ ಹೂ. ಮಗನಿಗೆ ಇದೇ ಇಷ್ಟವಾಗಿದ್ದು. ಬಿಸಿಲಿದ್ದಾಗ ಪೂರ್ತಿ ಅರಳಿದ ಹೂ ಕೀಳಬೇಕು. ಮೋಡ ಕವಿದರೆ, ಸಂಜೆಯಾದರೆ, ಮುಚ್ಚಿಕೊಳ್ಳುತ್ತದೆ. ಕಿತ್ತು ತುಂಬ ಹೊತ್ತು ಇಟ್ಟರೂ ಮುಚ್ಚಿಕೊಳ್ಳುತ್ತದೆ. ಹೂವನ್ನು ಹಾಗೇ ಹಿಟ್ಟಿನಲ್ಲಿ ಅದ್ದಿ ಬಜ್ಜಿ ಕರಿದರೆ ಹತ್ತು ನಿಮಿಷದಲ್ಲಿ ತಟ್ಟೆ ಖಾಲಿ. ಪಾಕ ಮಾಡುವುದಾದರೆ ಹಸಿರು ಭಾಗ ಬಿಡಿಸಿ ಹಳದಿ ಎಸಳಷ್ಟೇ ಹಾಕಬೇಕು, ಕಹಿ ಇರುವುದು ಹಸಿರಿನಲ್ಲಿ. ಎಸಳು ಅನ್ನುವುದೂ ತಪ್ಪೇ. ಸೂರ್ಯಕಾಂತಿ, ಸೇವಂತಿಗೆಯ ಕುಟುಂಬ ಇದು. ಒಂದು ಹೂವಿನಲ್ಲಿ ಕಾಣುವ ಒಂದೊಂದು ಎಸಳೂ ಒಂದು ಪುಟ್ಟ ಹೂ. ಅದು ಗೊತ್ತಾದ ದಿನ ಮಗ ಒಂದು ಹೂ ಬಿಡಿಸಿ ಎಣಿಸಲು ಕೂತ. ನೂರು ದಾಟಿದ ಮೇಲೆ ಲೆಕ್ಕ ತಪ್ಪಿತು.

ಬೇರನ್ನು ಅಕ್ಟೋಬರ್‌ನಲ್ಲಿ ಅಗೆದರು, ಹೊರಡುವ ಎರಡು ವಾರ ಮುಂಚೆ. ಚಳಿಗಾಲಕ್ಕೆ ಗಿಡ ಇನುಲಿನ್ ಅನ್ನುವ ನಾರಿನಂಶ ಕೂಡಿಟ್ಟುಕೊಳ್ಳುವ ಹೊತ್ತು ಅದು. ಮೂಲಂಗಿಯ ಹಾಗೆ ನೇರ ಕೆಳಗಿಳಿದ ಬೇರು. ಒಂದು ತುಂಡು ಒಳಗೆ ಉಳಿದರೂ ಮತ್ತೆ ಚಿಗುರುತ್ತದೆ. ಉಜ್ಜಿ ತೊಳೆದು, ಹೆಚ್ಚಿ, ಒಣಗಿಸಿ, ಕಂದು ಬಣ್ಣ ಬರುವವರೆಗೆ ಹುರಿದು ಪುಡಿ ಮಾಡಿದರು. ಇದನ್ನು ಡ್ಯಾಂಡಿಲಿಯನ್ ಕಾಫಿ ಅನ್ನುತ್ತಾರೆ. ಕಾಫಿ ಅಂದರೆ ಕಾಫಿಗೆ ಅವಮಾನ. ಆದರೆ ಚಿಕೋರಿಯ ರುಚಿ ಹಿಡಿಸುವವರಿಗೆ ಇದೂ ಹಿಡಿಸುತ್ತದೆ. ಕೆಫೀನ್ ಇಲ್ಲ, ರಾತ್ರಿ ಕುಡಿಯಬಹುದು. ನಾನೀಗ ಕುಡಿಯುತ್ತಿರುವುದು ಅದನ್ನೇ. ಡಬ್ಬದಲ್ಲಿ ಇನ್ನು ಎರಡು ಚಮಚ ಉಳಿದಿದೆ.

ಈಗ ಔಷಧಿ ಗುಣದ ಮಾತು. ಯೂರೋಪಿನಲ್ಲಿ ಇದನ್ನು ಜೀರ್ಣಕ್ಕೆ, ಪಿತ್ತಕ್ಕೆ, ಯಕೃತ್ತಿಗೆ, ಮೂತ್ರ ಸಲೀಸಾಗಲು ಬಳಸಿದರು. ಫ್ರೆಂಚರು ಇದಕ್ಕೆ ಇಟ್ಟ ಇನ್ನೊಂದು ಹೆಸರು 'ಪಿಸಾಂಲಿ', ಅಂದರೆ ಹಾಸಿಗೆಯಲ್ಲಿ ಉಚ್ಚೆ. ಮಗ ಎರಡು ದಿನ ನಕ್ಕ. ಚೀನಾದಲ್ಲಿ 'ಪೂ ಗೊಂಗ್ ಯಿಂಗ್' ಅನ್ನುತ್ತಾರೆ. ಬಾವು, ಕುರು, ಎದೆಹಾಲುಣಿಸುವ ತಾಯಂದಿರ ಎದೆ ಬಾವು, ಇವಕ್ಕೆ ಕೊಡುವ ಹಳೆಯ ಔಷಧಿ. ಇದೆಲ್ಲ ನಿಜವಾಗಿ ಕೆಲಸ ಮಾಡುತ್ತದಾ? ಎಲೆಯ ಸಾರ ಕುಡಿದವರು ಮೂತ್ರಕ್ಕೆ ಜಾಸ್ತಿ ಸಲ ಹೋಗುತ್ತಾರೆ ಅಂತ 2009ರಲ್ಲಿ ಒಂದು ಅಧ್ಯಯನ ಹೇಳಿತು. ಆದರೆ ಅದರ ಲೆಕ್ಕಕ್ಕೆ ಸಿಕ್ಕವರು 17 ಜನ, ನೋಡಿದ್ದು ಒಂದೇ ದಿನ. ಅಷ್ಟರ ಮೇಲೆ ದೊಡ್ಡ ಮನೆ ಕಟ್ಟಬಾರದು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇದು ಕ್ಯಾನ್ಸರ್ ವಾಸಿ ಮಾಡುತ್ತದೆ ಅಂತ ಒಂದು ವಿಡಿಯೋ ಓಡಾಡಿತು. ದಯವಿಟ್ಟು ಅದನ್ನು ಮುಂದೆ ಕಳಿಸಬೇಡಿ. ಸೊಪ್ಪು ಸೊಪ್ಪೇ. ಒಳ್ಳೆಯ ಸೊಪ್ಪು. 100 ಗ್ರಾಂ ಹಸಿ ಎಲೆಯಲ್ಲಿ ಕ್ಯಾಲ್ಸಿಯಂ 187 ಮಿಲಿಗ್ರಾಂ, ಕಬ್ಬಿಣ 3.1 ಮಿಲಿಗ್ರಾಂ. ಅಷ್ಟು ಸಾಲದಾ?

ಅದೇ ಎಲೆಯಲ್ಲಿ ವಿಟಮಿನ್ ಕೆ ಸುಮಾರು 778 ಮೈಕ್ರೋಗ್ರಾಂ. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು 90ರಿಂದ 120. ಈ ಅಂಕಿ ನನಗೆ ಬಾಯಿಪಾಠ ಆಗಿದ್ದಕ್ಕೆ ಕಾರಣ ಇದೆ. ಅತ್ತೆ ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಸೊಪ್ಪಿನ ಹುರುಪಿನಲ್ಲಿ ನಮಗೆ ಯಾರಿಗೂ ಅದು ಹೊಳೆಯಲೇ ಇಲ್ಲ. ಒಂದು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಅಂಕಿ ಕೆಳಗೆ ಬಂದಿತ್ತು, ಮಾತ್ರೆ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಊಟದಲ್ಲಿ ಏನಾದರೂ ಬದಲಾಗಿದೆಯಾ ಅಂತ ಡಾಕ್ಟರ್ ಕೇಳಿದರು. ನಾನು ಬಾಯಿ ಬಿಡುವ ಮುಂಚೆ ಮಗ, "ಅಜ್ಜಿ ಹುಲ್ಲು ತಿಂತಾರೆ" ಅಂದ.

ಡಾಕ್ಟರ್ ನಕ್ಕರು, ಆಮೇಲೆ ನಗಲಿಲ್ಲ. ಆ ಮಾತ್ರೆ ಕೆಲಸ ಮಾಡುವುದೇ ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆಗೆ ಅಡ್ಡ ನಿಂತು. ಇದ್ದಕ್ಕಿದ್ದಂತೆ ಸೊಪ್ಪು ಜಾಸ್ತಿ ತಿಂದರೆ ಮಾತ್ರೆ ಸೋಲುತ್ತದೆ. ತಿನ್ನಲೇಬಾರದು ಅಂತಲ್ಲ, ದಿನವೂ ಒಂದೇ ಅಳತೆ ಇರಲಿ ಅಂದರು. ಅವತ್ತಿನಿಂದ ಅತ್ತೆ ಒಂದು ನೀಲಿ ಬಟ್ಟಲು ಇಟ್ಟುಕೊಂಡರು. ಬೆಂದ ಸೊಪ್ಪು ಅದರಲ್ಲಿ ಅರ್ಧ, ಅದಕ್ಕಿಂತ ಒಂದು ಎಲೆ ಜಾಸ್ತಿ ಇಲ್ಲ. ನಿಮ್ಮ ಮನೆಯಲ್ಲಿ ಅಂಥ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಪಿತ್ತಕೋಶದಲ್ಲಿ ಕಲ್ಲಿರುವವರು, ಮೂತ್ರ ಹೋಗಲು ಮಾತ್ರೆ ತೆಗೆದುಕೊಳ್ಳುವವರು, ಮನಸ್ಸಿನ ಕಾಯಿಲೆಗೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರೂ ಅಷ್ಟೇ. ಸೇವಂತಿಗೆ ಜಾತಿಯ ಹೂ ಮುಟ್ಟಿದರೆ ಕಡಿತ ಬರುವವರು ಇದರ ತಂಟೆಗೇ ಹೋಗಬೇಡಿ. ಕಳೆನಾಶಕ ಹೊಡೆದ ಲಾನ್, ರಸ್ತೆಯಂಚು, ನಾಯಿ ಓಡಾಡುವ ಜಾಗ ಬೇಡ. ಪಾರ್ಕಿನಲ್ಲಿ ಕೀಳಲು ಅನುಮತಿ ಇದೆಯಾ ಕೇಳಿಕೊಳ್ಳಿ.

ಮರೆಯುವ ಮುಂಚೆ ಸೂಚನೆಗಳು. ಮಕ್ಕಳ ಕನ್ನಡ ತರಗತಿ ಈ ತಿಂಗಳ ಎರಡನೇ ಶನಿವಾರ ಇಲ್ಲ, ಹಾಲ್ ಸಿಕ್ಕಿಲ್ಲ. ವಾರ್ಷಿಕ ಸಭೆ ಕೊನೆಯ ಭಾನುವಾರ ಮಧ್ಯಾಹ್ನ ಮೂರಕ್ಕೆ. ಮೂರು ಅಂದರೆ ಮೂರೇ, ನಾಲ್ಕಲ್ಲ. ಸಭೆ ಮುಗಿದ ಮೇಲೆ ಪಾಟ್‌ಲಕ್ ಊಟ. ಏನು ತರುತ್ತೀರಿ ಅಂತ ದಯವಿಟ್ಟು ಪಟ್ಟಿಯಲ್ಲಿ ಬರೆಯಿರಿ. ಕಳೆದ ಸಲ ಒಂಬತ್ತು ಮನೆಯವರು ಸಿಹಿ ತಂದರು, ಅನ್ನ ತಂದವರು ಒಬ್ಬರೇ. ಹಿರಿಯರ ವಾಕಿಂಗ್ ಗುಂಪು ಮತ್ತೆ ಶುರುವಾಗಿದೆ, ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಕಳಿಸಿ. ಸದಸ್ಯತ್ವದ ಹಣ ಕಟ್ಟದವರು ಕಟ್ಟಿ. ಸುದ್ದಿಪತ್ರಕ್ಕೆ ಲೇಖನ ಕಳಿಸಲು 20ನೇ ತಾರೀಖು ಕೊನೆ, ದಯವಿಟ್ಟು ಫೋನಿನಲ್ಲಿ ಫೋಟೋ ತೆಗೆದು ಕಳಿಸಬೇಡಿ, ನಾನೇ ಕೂತು ಟೈಪ್ ಮಾಡಬೇಕಾಗುತ್ತದೆ.

ಟೈಪ್ ಅಂದ ಮೇಲೆ ಹೇಳಿಬಿಡುತ್ತೇನೆ. ಎರಡು ವರ್ಷದಿಂದ ಈ ಕೆಲಸ ಒಬ್ಬಳೇ ಮಾಡುತ್ತಿದ್ದೇನೆ. ಬಿಟ್ಟುಬಿಡುವ ಮನಸ್ಸಿಲ್ಲ. ಆದರೆ ಕಾಗುಣಿತ ನೋಡುವವರು ಒಬ್ಬರು, ಪುಟ ಜೋಡಿಸುವವರು ಒಬ್ಬರು ಸಿಕ್ಕರೆ ನಾನೂ ತಿಂಗಳಲ್ಲಿ ಒಂದು ರಾತ್ರಿ ಜಾಸ್ತಿ ಮಲಗಬಹುದು. ಕನ್ನಡ ಚೆನ್ನಾಗಿ ಬರಬೇಕೆಂದೇನಿಲ್ಲ, ಹೇಳಿದ ದಿನ ಬಂದರೆ ಸಾಕು. ಸಭೆಯ ದಿನ ನನ್ನನ್ನು ಹಿಡಿಯಿರಿ. ಅಥವಾ ನಾನೇ ನಿಮ್ಮನ್ನು ಹಿಡಿಯುತ್ತೇನೆ.

ಈ ಪುಟ ಶುರು ಮಾಡುವ ಮುಂಚೆ ಅತ್ತೆಗೆ ಫೋನ್ ಮಾಡಿದ್ದೆ. ಅಲ್ಲಿ ಆಗಲೇ ಬೆಳಗಾಗಿತ್ತು. ಮೊಮ್ಮಗ ಹೇಳಿದ್ದು ಹೇಳಿದೆ. ನಗಲಿಲ್ಲ.

"ಹೂ ಬಿಟ್ಟಿದೆಯಾ?"

"ಹಿತ್ತಲ ತುಂಬ ಇದೆ ಅತ್ತೆ."

"ಅಯ್ಯೋ, ಹಾಗಾದ್ರೆ ಎಲೆ ಕಹಿ ಬಂದುಬಿಟ್ಟಿರುತ್ತೆ. ಈ ಸಲ ಸೊಪ್ಪಿನ ಆಸೆ ಬಿಡು. ನಾಳೆ ಬಿಸಿಲು ಬಂದ್ರೆ ಹೂ ಕಿತ್ಕೋ. ಆ ಪಕ್ಕದ ಮನೆಯವರು ಔಷಧಿ ಹೊಡೆದ್ರಾ?"

"ಗೊತ್ತಿಲ್ಲ ಅತ್ತೆ."

"ಕೇಳು. ಬೇಲಿ ಹತ್ತಿರದ್ದು ಮಾತ್ರ ಕೀಳಬೇಡ."