ನಲ್ಲಿ, ಬಕೆಟ್ಟಿಗೆ ಆ್ಯಸಿಡ್ ಬೇಡ

ಮಾನ್ಯ ಸಂಪಾದಕರೇ,

ಕೊಪ್ಪಳ, ಕುಷ್ಟಗಿ ಕಡೆ ಗಡಸು ಬೋರ್‌ವೆಲ್ ನೀರಿನ ಬಿಳಿ ಕಲೆ ತೆಗೆಯಲು ನಲ್ಲಿ, ಬಕೆಟ್ಟಿಗೂ ಶೌಚಾಲಯದ ಆ್ಯಸಿಡ್ ಸುರಿಯುವವರಿದ್ದಾರೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ತಗಡಿನ ಬಕೆಟ್ಟಿನ ಸತುವಿನ ಲೇಪ ಬುಸುಬುಸು ನೊರೆಯೆದ್ದು ಕರಗುತ್ತದೆ. ಏಳುವ ಗುಳ್ಳೆ ಬೆಂಕಿ ಹತ್ತುವ ಹೈಡ್ರೋಜನ್. ಸತು ಹೋದರೆ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯಲು ತಡವಿಲ್ಲ. ಅಲ್ಯೂಮಿನಿಯಂ ಮೊದಲು ಸುಮ್ಮನಿದ್ದಂತೆ ಕಾಣುತ್ತದೆ. ಮೇಲಿನ ಆಕ್ಸೈಡ್ ಪೊರೆ ಕರಗಿತೋ, ಕೊತಕೊತ ಕುದಿಯತೊಡಗುತ್ತದೆ. ಸ್ಟೀಲಿನಲ್ಲೂ ಚುಕ್ಕಿ ಚುಕ್ಕಿ ತೂತು ಬೀಳುತ್ತವೆ. ತಾಮ್ರ ಮಾತ್ರ ಸುಲಭಕ್ಕೆ ಬಗ್ಗದು, ಮೇಲಿನ ಕಪ್ಪು ಆಕ್ಸೈಡಷ್ಟೇ ಹೋಗುತ್ತದೆ. ಅಷ್ಟಕ್ಕೆ ಹುಣಸೆಹುಳಿ ಸಾಲದೇ?

ಸ್ಟೀಲ್, ಪ್ಲಾಸ್ಟಿಕ್ ಮೇಲಿನ ಬಿಳಿ ಕಲೆಗೆ ಲೀಟರ್ ಬಿಸಿನೀರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲದ ಹರಳು) ಹಾಕಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ತಗಡಿಗೆ ಅದೂ ಬೇಡ. ಆ್ಯಸಿಡ್ ಜತೆ ಬ್ಲೀಚಿಂಗ್ ಪುಡಿ ಸೇರಿದರೆ ವಿಷಕಾರಿ ಕ್ಲೋರಿನ್ ಏಳುತ್ತದೆ. ಮಾರುವ ಅಂಗಡಿಯವರು ಇಷ್ಟಾದರೂ ಹೇಳಲಿ.

– ರಸಾಯನಶಾಸ್ತ್ರ ಉಪನ್ಯಾಸಕರು, ಕೊಪ್ಪಳ