ಪ್ರಾಯಕ್ಕೆ ಬಂದ ಗಂಡುನಾಯಿಯನ್ನು ಮನೆಯಿಂದ ಹೊರಹಾಕುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ಗಂಡು ನಾಯಿಮರಿಯನ್ನು ಆಸೆಪಟ್ಟು ತಂದು ಸಾಕಿದ ಎಷ್ಟೋ ಕುಟುಂಬಗಳು, ಅದು ಆರೇಳು ತಿಂಗಳು ತುಂಬಿ ಪ್ರಾಯಕ್ಕೆ ಬರುತ್ತಿದ್ದಂತೆ ಸೋಫಾ, ಬಾಗಿಲುವಾಡ, ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆಗಳ ಮೇಲೆ ಕಾಲೆತ್ತಲು ಆರಂಭಿಸಿದಾಗ, ಅದನ್ನು ಬೇರೆಯವರಿಗೆ ದಾಟಿಸುವ, ಹಗಲಿರುಳೂ ಹೊರಗೆ ಕಟ್ಟಿಹಾಕುವ, ಇಲ್ಲವೇ ಊರಾಚೆ ಬಿಟ್ಟುಬರುವ ತೀರ್ಮಾನಕ್ಕೆ ಬರುತ್ತವೆ. ಪಶುವೈದ್ಯನಾಗಿ ಕೆಲಸ ಮಾಡಿ ನಿವೃತ್ತನಾಗಿರುವ ನನ್ನ ಬಳಿಗೆ ನೆರೆಹೊರೆಯವರು ಈಗಲೂ ತರುವ ದೂರುಗಳಲ್ಲಿ ಇದು ಮುಖ್ಯವಾದುದು. ಬಹುಪಾಲು ಸಂದರ್ಭಗಳಲ್ಲಿ ನಿಲ್ಲಿಸಬಹುದಾದ ಅಥವಾ ಗಣನೀಯವಾಗಿ ತಗ್ಗಿಸಬಹುದಾದ ಒಂದು ನಡವಳಿಕೆಗಾಗಿ ಆರೋಗ್ಯವಂತ ಪ್ರಾಣಿಯೊಂದು ನೆಲೆ ಕಳೆದುಕೊಳ್ಳುವುದು ನನಗೆ ತೀರಾ ನೋವಿನ ಸಂಗತಿಯಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಗಮನಿಸಬೇಕಾದುದು, ಮೂತ್ರಕೋಶ ತುಂಬಿ ಹೊಯ್ಯುವುದಕ್ಕೂ ಗುರುತು ಹಾಕುವುದಕ್ಕೂ ಇರುವ ವ್ಯತ್ಯಾಸ. ಗುರುತು ಹಾಕುವ ನಾಯಿ ಸಾಮಾನ್ಯವಾಗಿ ನೆಟ್ಟಗೆ ನಿಂತಿರುವ ವಸ್ತುವನ್ನು ಆರಿಸಿಕೊಂಡು, ಮೂಸಿ ನೋಡಿ, ಸ್ವಲ್ಪವೇ ಸ್ವಲ್ಪ ಮೂತ್ರ ಹಾಕುತ್ತದೆ. ಹೊರಗೆ ಸುತ್ತಾಡಿಸಿ ತಂದ ಕಾಲು ಗಂಟೆಯಲ್ಲೇ ಹೀಗೆ ಮಾಡುವುದುಂಟು. ಮನೆಯವರು ಇದನ್ನು ಹಟವೆಂದೂ ಸೇಡೆಂದೂ ತಿಳಿಯುತ್ತಾರೆ. ವಾಸ್ತವದಲ್ಲಿ ಅದು ವಾಸನೆಯ ಮೂಲಕ ತನ್ನ ಇರುವಿಕೆಯನ್ನು ಸಾರುವ ರೀತಿ. ಪ್ರಾಯದ ಗಂಡಿನಲ್ಲಿ ಟೆಸ್ಟೊಸ್ಟಿರೋನ್ ಹಾರ್ಮೋನು ಈ ಪ್ರವೃತ್ತಿಯನ್ನು ಪ್ರಬಲಗೊಳಿಸುತ್ತದೆ. ಸುತ್ತಮುತ್ತ ಬೆದೆಗೆ ಬಂದ ಹೆಣ್ಣುನಾಯಿ ಇರುವುದು, ಗೇಟಿನ ಬಳಿ ಬೀದಿನಾಯಿ ಸುಳಿದಾಡುವುದು, ಹಬ್ಬಕ್ಕೆ ಬಂದ ನೆಂಟರ ಬ್ಯಾಗುಗಳಲ್ಲಿ ಬೇರೆ ಮನೆಯ ವಾಸನೆ ಇರುವುದು, ಬಾಡಿಗೆ ಮನೆ ಬದಲಾಗುವುದು, ಮನೆಗೆ ಬಾಣಂತಿಯೂ ಕೂಸೂ ಬರುವುದು, ಇವೆಲ್ಲ ಅದನ್ನು ಕೆರಳಿಸಬಹುದು ಅಥವಾ ಕಳವಳಕ್ಕೆ ದೂಡಬಹುದು. ದೇವರ ಕೋಣೆಯ ಹೊಸ್ತಿಲಿನ ಮೇಲೆ ಒಮ್ಮೆ ಹೀಗಾದರೆ ಮನೆಯ ಹಿರಿಯರ ಸಹನೆ ಅಲ್ಲಿಗೆ ಮುಗಿಯುತ್ತದೆ ಎಂಬುದನ್ನು ನಾನು ಬಲ್ಲೆ, ಅವರ ಬೇಸರವನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ನಾಯಿಗೆ ಅದು ಕೇವಲ ಒಂದು ಮರದ ಪಟ್ಟಿ.

ಅಭ್ಯಾಸವೆಂದು ತೀರ್ಮಾನಿಸುವ ಮೊದಲು ಒಮ್ಮೆ ವೈದ್ಯರಲ್ಲಿ ಮೂತ್ರ ಪರೀಕ್ಷೆ ಮಾಡಿಸುವುದು ಅಗತ್ಯ. ಮೂತ್ರನಾಳದ ಸೋಂಕು, ಮೂತ್ರಕೋಶದ ಕಲ್ಲು, ಸಕ್ಕರೆ ಕಾಯಿಲೆ ಇವುಗಳಲ್ಲೂ ನಾಯಿ ಮನೆಯೊಳಗೆ ಪದೇ ಪದೇ ಹೊಯ್ಯುತ್ತದೆ. ತಿಣುಕುವುದು, ಮೂತ್ರದಲ್ಲಿ ರಕ್ತ ಕಾಣಿಸುವುದು, ಎಂದಿಗಿಂತ ಹೆಚ್ಚು ನೀರು ಕುಡಿಯುವುದು ಕಂಡುಬಂದರೆ ತಡಮಾಡಲೇಬಾರದು. ಗಂಡುನಾಯಿಯಲ್ಲಿ ಕಲ್ಲು ಸಿಲುಕಿ ಮೂತ್ರ ಕಟ್ಟಿಕೊಂಡರೆ ಪ್ರಾಣಕ್ಕೇ ಅಪಾಯ.

ನಮ್ಮಲ್ಲಿ ಈಗಲೂ ಬಲವಾಗಿರುವ ಒಂದು ಪದ್ಧತಿಯೆಂದರೆ ನಾಯಿಯನ್ನು ಎಳೆದುತಂದು ಅದರ ಮೂತಿಯನ್ನು ಮೂತ್ರಕ್ಕೆ ಉಜ್ಜಿ ಹೊಡೆಯುವುದು. ಇದನ್ನು ದಯವಿಟ್ಟು ಕೈಬಿಡಬೇಕೆಂದು ಓದುಗರನ್ನು ಬೇಡುತ್ತೇನೆ. ಕೃತ್ಯ ಮುಗಿದು ಹೊತ್ತಾದ ಮೇಲೆ ಬೀಳುವ ಏಟಿಗೂ ತಾನು ಮಾಡಿದ್ದಕ್ಕೂ ಇರುವ ಸಂಬಂಧ ನಾಯಿಗೆ ತಿಳಿಯುವುದಿಲ್ಲ. ಅದು ಬಾಲ ಮಡಚಿ, ಕಿವಿ ಇಳಿಸಿ ನಿಲ್ಲುವುದು ಯಜಮಾನನ ಗಡಸು ದನಿಗೆ ಹೆದರಿ; ಅದನ್ನು ತಪ್ಪಿತಸ್ಥ ಭಾವವೆಂದು ನಾವು ಓದಿಕೊಳ್ಳುತ್ತೇವೆ. ಹೆದರಿದ ನಾಯಿ ಮುಂದೆ ಮಂಚದ ಕೆಳಗೆ, ಪರದೆಯ ಹಿಂದೆ, ಯಾರ ಕಣ್ಣಿಗೂ ಬೀಳದಂತೆ ಗುರುತು ಹಾಕಲು ಕಲಿಯುತ್ತದೆ. ಭಯ ಹೆಚ್ಚಿದಂತೆ ಗುರುತು ಹಾಕುವುದೂ ಹೆಚ್ಚಬಹುದು.

ಎಲ್ಲರೂ ಎಡವುವುದು ಸ್ವಚ್ಛಗೊಳಿಸುವ ಕೆಲಸದಲ್ಲಿ. ಫಿನಾಯಿಲ್ ಹಾಕಿ ಒರೆಸಿದರೆ ನಮ್ಮ ಮೂಗಿಗೆ ವಾಸನೆ ಹೋಯಿತೆನಿಸುತ್ತದೆ. ನಮಗಿಂತ ಎಷ್ಟೋ ಪಟ್ಟು ಸೂಕ್ಷ್ಮವಾದ ನಾಯಿಯ ಮೂಗಿಗೆ ಅಡಿಯಲ್ಲಿ ಉಳಿದ ಮೂತ್ರದ ವಾಸನೆ ಸಿಗುತ್ತಲೇ ಇರುತ್ತದೆ, ಅದು ಮತ್ತೆ ಅಲ್ಲಿಗೇ ಬರುತ್ತದೆ. ಕಪ್ಪು ಫಿನಾಯಿಲ್‌ನಲ್ಲಿರುವ ಫಿನಾಲಿನಂಥ ರಾಸಾಯನಿಕಗಳು ನೆಲ ಒದ್ದೆಯಿರುವಾಗ ನಡೆದಾಡಿ ಪಾದ ನೆಕ್ಕುವ ಸಾಕುಪ್ರಾಣಿಗಳಿಗೆ ವಿಷಕಾರಿಯೂ ಹೌದು. ಅಮೋನಿಯಾ ಇರುವ ದ್ರಾವಣಗಳು ಮೂತ್ರದ ವಾಸನೆಯನ್ನೇ ಹೋಲುವುದರಿಂದ ಅವು ಈ ಕೆಲಸಕ್ಕೆ ತಕ್ಕವಲ್ಲ. ಬ್ಲೀಚಿಂಗ್ ಪೌಡರನ್ನು ಹಸಿ ಮೂತ್ರದ ಮೇಲೆ ಸುರಿದರೆ ಕೆಟ್ಟ ಅನಿಲ ಹೊಮ್ಮುತ್ತದೆ. ಸಾಕುಪ್ರಾಣಿಗಳ ಅಂಗಡಿಗಳಲ್ಲಿ ಸಿಗುವ, ಎನ್‌ಜೈಮ್ ಇರುವ ದ್ರಾವಣ ಮಾತ್ರ ಮೂತ್ರದ ಅಂಶಗಳನ್ನು ಒಡೆದು ವಾಸನೆಯನ್ನು ಬುಡಸಮೇತ ತೆಗೆಯುತ್ತದೆ. ಬಳಸುವ ಮುನ್ನ ಹಳೆಯ ಫಿನಾಯಿಲ್ ಅಂಶವನ್ನು ಬರೀ ನೀರಿನಿಂದ ತೊಳೆದು, ದ್ರಾವಣವು ಮೂತ್ರ ಇಳಿದಷ್ಟೇ ಆಳಕ್ಕೆ ಇಳಿಯುವಂತೆ ತೋಯಿಸಿ, ತಾನಾಗಿಯೇ ಒಣಗಲು ಬಿಡಬೇಕು. ಸಿಂಪಡಿಸಿ ತಕ್ಷಣ ಒರೆಸಿದರೆ ಹಣ ವ್ಯರ್ಥ. ಟೈಲ್ಸ್‌ಗಳ ನಡುವಿನ ಸಂದು, ಬಾಗಿಲುವಾಡದ ಬುಡ, ಹತ್ತಿಯ ಹಾಸಿಗೆ, ಸುಣ್ಣದ ಗೋಡೆ ಇವು ಮೂತ್ರವನ್ನು ಹೀರಿಟ್ಟುಕೊಳ್ಳುವ ಜಾಗಗಳು. ಹಳೆಯ ಕಲೆಗಳು ಕಣ್ಣಿಗೆ ಕಾಣದಿದ್ದರೆ ಕತ್ತಲೆಯಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಹಿಡಿದಾಗ ಸಾಮಾನ್ಯವಾಗಿ ಹೊಳೆದು ಗೋಚರಿಸುತ್ತವೆ.

ಸಂತಾನಹರಣ ಶಸ್ತ್ರಚಿಕಿತ್ಸೆಯ ಮಾತೆತ್ತಿದರೆ, ಹೆಣ್ಣುನಾಯಿಗೆ ಒಪ್ಪುವವರೂ ಗಂಡಿಗೆ ಹಿಂಜರಿಯುತ್ತಾರೆ. ಗಂಡುತನ ಕಳೆದು ನಾಯಿ ಕೊರಗುತ್ತದೆ, ಕಾವಲು ಕಾಯುವುದಿಲ್ಲ ಎಂಬುದು ಅವರ ಆತಂಕ, ಅದಕ್ಕೆ ಆಧಾರವಿಲ್ಲ. ಶಸ್ತ್ರಚಿಕಿತ್ಸೆಯಾದ ಬಹಳಷ್ಟು ಗಂಡುನಾಯಿಗಳಲ್ಲಿ ಮನೆಯೊಳಗೆ ಗುರುತು ಹಾಕುವುದು ಕಡಿಮೆಯಾಗುತ್ತದೆ, ಕೆಲವದರಲ್ಲಿ ಪೂರ್ತಿ ನಿಲ್ಲುತ್ತದೆ. ಆದರೆ ಆಪರೇಷನ್ ಆದ ಮರುದಿನವೇ ಫಲ ನಿರೀಕ್ಷಿಸುವಂತಿಲ್ಲ. ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ, ಹಾಗೂ ದೀರ್ಘಕಾಲದಿಂದ ಬೇರೂರಿದ ಅಭ್ಯಾಸ ಹಾರ್ಮೋನು ಇಳಿದ ಮೇಲೂ ಉಳಿಯಬಹುದು. ದೊಡ್ಡ ತಳಿಗಳಲ್ಲಿ ಮೂಳೆಗಳ ಬೆಳವಣಿಗೆ ಮುಗಿಯುವವರೆಗೆ ಕಾಯುವುದು ಒಳ್ಳೆಯದಾದ್ದರಿಂದ, ಯಾವ ವಯಸ್ಸಿನಲ್ಲಿ ಮಾಡಿಸಬೇಕೆಂಬುದನ್ನು ತಳಿ ನೋಡಿ ವೈದ್ಯರೇ ಹೇಳಬೇಕು.

ಇದರ ಜೊತೆಗೆ ನಿಗಾ ಬೇಕು. ಅಭ್ಯಾಸ ತಪ್ಪುವವರೆಗೆ ನಾಯಿಯನ್ನು ಮನೆಯಲ್ಲಿ ಒಂಟಿಯಾಗಿ ಓಡಾಡಲು ಬಿಡದೆ, ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಕಣ್ಣಳತೆಯಲ್ಲೇ ಇಟ್ಟುಕೊಳ್ಳಬೇಕು. ಅದು ಮೂಸಿ, ಪಕ್ಕಕ್ಕೆ ತಿರುಗಿ, ಕಾಲೆತ್ತಲು ಹೊರಟ ಕ್ಷಣದಲ್ಲಿ ಚಪ್ಪಾಳೆ ತಟ್ಟಿ ಗಮನ ಸೆಳೆದು ಹೊರಗೆ ಕರೆದೊಯ್ದು, ಅಲ್ಲಿ ಹೊಯ್ದ ಕೂಡಲೇ ತಿಂಡಿ ಕೊಟ್ಟು ಮೆಚ್ಚಬೇಕು. ಪದೇ ಪದೇ ಗುರುತು ಹಾಕುವ ಜಾಗದಲ್ಲಿ, ಅದನ್ನು ಚೆನ್ನಾಗಿ ತೊಳೆದ ನಂತರ, ಊಟದ ತಟ್ಟೆ ಇಡುವುದು ಹಲವು ಬಾರಿ ಫಲಿಸುತ್ತದೆ, ಏಕೆಂದರೆ ನಾಯಿಗಳು ಉಣ್ಣುವ ಜಾಗವನ್ನು ಹೊಲಸು ಮಾಡಲು ಇಷ್ಟಪಡುವುದಿಲ್ಲ. ನೆಂಟರ ಬ್ಯಾಗು ಎತ್ತರದಲ್ಲಿರಲಿ. ಬೀದಿ ಕಾಣುವ ತಗ್ಗಿನ ಕಿಟಕಿಗೆ ಪರದೆ ಇರಲಿ. ಅಪಾರ್ಟ್‌ಮೆಂಟುಗಳಲ್ಲಿ ಕೆಲಸಕ್ಕೆ ಹೋಗುವ ಅವಸರದಲ್ಲಿ ನಾಯಿಯನ್ನು ದರದರನೆ ಎಳೆದುಕೊಂಡು ಐದು ನಿಮಿಷದಲ್ಲಿ ವಾಪಸು ತರುವವರನ್ನು ನೋಡಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಕಂಬಗಳನ್ನೂ ಗಿಡಗಳನ್ನೂ ಮೂಸಲು ಬಿಡುವುದೇ ಆ ಪ್ರಾಣಿಗೆ ಅಂದಿನ ಮುಖ್ಯ ಕೆಲಸ.

1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಅಪರಾಧ. ಮೊದಲ ಬಾರಿಯ ತಪ್ಪಿಗೆ ದಂಡ 10ರಿಂದ 50 ರೂಪಾಯಿ ಮಾತ್ರ ಇರುವುದರಿಂದ ಕಾನೂನಿನ ಭಯದಿಂದ ಇದು ನಿಲ್ಲುವಂಥದ್ದಲ್ಲ. ಸಾಕುನಾಯಿಯ ಲಸಿಕೆ, ಸಂತಾನಹರಣಗಳ ಹೊಣೆಯನ್ನು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಮಾಲೀಕರಿಗೇ ವಹಿಸಿವೆ. ಆ ಹೊಣೆ ತಪ್ಪಿಸಿಕೊಂಡು ಊರಾಚೆ ಬಿಟ್ಟ ಗಂಡುನಾಯಿ ಬೀದಿನಾಯಿಗಳ ಸಂಖ್ಯೆಗೇ ಸೇರುತ್ತದೆ. ಪ್ರತಿ ವರ್ಷ ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಅಂಗವಾಗಿ ನಡೆಯುವ ಲಸಿಕೆ ಶಿಬಿರಗಳಿಗೆ ಎಳೆಯ ನಾಯಿಗಳನ್ನು ಹಿಡಿದು ಜನ ಸಾಲುಗಟ್ಟಿ ಬರುತ್ತಾರೆ. ಪಶುಪಾಲನಾ ಇಲಾಖೆಯು ಅಲ್ಲಿಯೇ ಮಾಲೀಕರಿಗೆ ಈ ವಿಷಯಗಳನ್ನು ಸರಳ ಕನ್ನಡದ ಒಂದು ಪುಟದಲ್ಲಿ ಅಚ್ಚುಹಾಕಿಸಿ ಕೊಡಬೇಕು, ಮತ್ತು ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ಸಾಕು ಗಂಡುನಾಯಿಗಳ ಶಸ್ತ್ರಚಿಕಿತ್ಸೆಗೆ ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿ ಪ್ರಕಟಿಸಬೇಕು ಎಂದು ಕೋರುತ್ತೇನೆ.

– ನಿವೃತ್ತ ಪಶುವೈದ್ಯ, ಮೈಸೂರು